ನೀಹಾರಿಕೆಗಳ ಛಾಯಾಗ್ರಹಣವೂ ಹಿತ್ತಿಲ ಖಗೋಳಾಭ್ಯಾಸಿಗಳೂ

ಖಗೋಳಶಾಸ್ತ್ರದ ಹೊಸ ಸಾಧನಗಳೆಲ್ಲವೂ ರಾಜಾಶ್ರಯವನ್ನು ಪಡೆದ ವೇಧಶಾಲೆಗಳಲ್ಲಿಯೇ ಮೊದಲು ಬಳಕೆಗೆ ಬಂದುವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಮಂದಪ್ರಕಾಶದ ನೀಹಾರಿಕೆಗಳನ್ನು ಛಾಯಾಚಿತ್ರದಲ್ಲಿ ಹಿಡಿಯುವ ವಿದ್ಯೆಯ ವಿಷಯದಲ್ಲಿ ಈ ಭಾವನೆಯು ನಿಲ್ಲತಕ್ಕುದಲ್ಲ. 1880 ರಿಂದ 1888 ರ ವರೆಗಿನ ಅಲ್ಪಕಾಲದಲ್ಲಿ ಅದನ್ನು ಬೆಳೆಯಿಸಿದವರಲ್ಲಿ ಪ್ರಮುಖರಾದ ಮೂವರೆಂದರೆ, ವೈದ್ಯಶಾಸ್ತ್ರವನ್ನೋದಿದ ಒಬ್ಬ ಪ್ರಾಧ್ಯಾಪಕ, ನೈರ್ಮಲ್ಯ ಕಾರ್ಯಗಳ ಒಬ್ಬ ಎಂಜಿನಿಯರು, ಮನೆಗಳನ್ನು ಕಟ್ಟಿಸುತ್ತಿದ್ದ ಒಬ್ಬ ಗುತ್ತಿಗೆದಾರ. ಮೂವರೂ ಸ್ವಂತ ಹಣದಿಂದ, ಸ್ವಂತ ನೆಲದಲ್ಲಿ, ಪ್ಲೇಟುಗಳನ್ನು ಕೆಡಿಸಿ ಕೆಡಿಸಿಯೇ ಕಲಿತವರು.

ಈ ಕಾರ್ಯಕ್ಕೆ ಅಡ್ಡಿಗಳು ಎರಡು. ನೀಹಾರಿಕೆಯ ಬೆಳಕು ಅತ್ಯಲ್ಪವಾದುದರಿಂದ ಪ್ಲೇಟನ್ನು ಬಹಳ ಹೊತ್ತು ತೆರೆದಿಡಬೇಕೆಂಬುದು ಒಂದು. ಅಷ್ಟು ಹೊತ್ತಿನಲ್ಲಿ ಭೂಭ್ರಮಣದಿಂದ ಆಕಾಶವು ಗಂಟೆಗೆ 15 ಅಂಶಗಳಷ್ಟು ಸರಿದುಹೋಗುವುದೆಂಬುದು ಇನ್ನೊಂದು. 1850 ರಲ್ಲಿ ಹಾರ್ವರ್ಡಿನಲ್ಲಿ ಬಾಂಡ್ ಮತ್ತು ವಿಪ್ಪಲ್ ಎಂಬವರು ಅಭಿಜಿತ್ ನಕ್ಷತ್ರದ ಚಿತ್ರವನ್ನು ತೆಗೆದಿದ್ದರು. ಆದರೆ ಮುಂದಿನ ವರ್ಷ ಪ್ರಕಟವಾದ ಕೊಲೋಡಿಯನ್ ವಿಧಾನದಲ್ಲಿ ಲೇಪನವು ಒದ್ದೆಯಾಗಿರುವಷ್ಟು ಹೊತ್ತು ಮಾತ್ರವೇ ಪ್ಲೇಟು ಕೆಲಸಕ್ಕೆ ಬರುತ್ತಿದ್ದಿತು. ಕೆಲವು ನಿಮಿಷಗಳಲ್ಲಿ ಅದು ಒಣಗಿ ನಿರುಪಯುಕ್ತವಾಗುತ್ತಿದ್ದಿತು. 1871 ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯನು ಜೆಲಾಟಿನಿನ ಒಣ ಪ್ಲೇಟಿನ ಮಾರ್ಗವನ್ನು ತೋರಿಸಿದ ಮೇಲೆ ಮೊದಲನೆಯ ಅಡ್ಡಿಯು ಕ್ರಮೇಣ ನೀಗಿತು. ಎರಡನೆಯದನ್ನು ನೀಗಿಸಬೇಕಾದುದು ನೋಡುವವನ ಕೈಯ ಪಳಗಿಕೆಯೇ.

ಅಮೆರಿಕದ ಹೆನ್ರಿ ಡ್ರೇಪರನು (1837–1882) ಐರ್ಲೆಂಡಿನಲ್ಲಿ ರಾಸ್ ಪ್ರಭುವಿನ ಮಹಾಯಂತ್ರವನ್ನು ಕಂಡು ಬಂದು, ಹಡ್ಸನ್ ನದಿಯ ದಡದ ತಂದೆಯ ಜಮೀನಿನಲ್ಲಿ ತಾನೇ ಕನ್ನಡಿಯನ್ನು ಉಜ್ಜಲಾರಂಭಿಸಿದನು. ಮೊದಲನೆಯ ಲೋಹದ ಕನ್ನಡಿಯು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದುದರಿಂದ ಸೀಳಿಹೋಯಿತು. ಬಳಿಕ ಅವನು ಗಾಜಿಗೆ ಬೆಳ್ಳಿಯ ಲೇಪವಿಡುವ ಕ್ರಮವನ್ನು ಹಿಡಿದು, ಹದಿನೈದೂವರೆ ಅಂಗುಲದ ಕನ್ನಡಿಯನ್ನು ಸಿದ್ಧಪಡಿಸಿ, ತಾನು ಕಲಿತುದೆಲ್ಲವನ್ನೂ 1864 ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. 1880 ರ ಸೆಪ್ಟೆಂಬರ್ 30 ರಂದು, 11 ಅಂಗುಲದ ಮಸೂರಯಂತ್ರದಿಂದ, 51 ನಿಮಿಷ ಪ್ಲೇಟನ್ನು ತೆರೆದಿಟ್ಟು, ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆಯ ಚಿತ್ರವನ್ನು ತೆಗೆದನು. ನೀಹಾರಿಕೆಯ ಮೊದಲನೆಯ ಛಾಯಾಚಿತ್ರವಿದೇ. 1882 ರ ಮಾರ್ಚಿಯಲ್ಲಿ ಈ ಅವಧಿಯು 137 ನಿಮಿಷಕ್ಕೇರಿತು. ಅದೇ ವರ್ಷ ನವೆಂಬರಿನಲ್ಲಿ, ತನ್ನ 45 ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಲಂಡನ್ನಿನ ಬಳಿ ಈಲಿಂಗಿನಲ್ಲಿದ್ದ ಆಂಡ್ರೂ ಏನ್ಸ್ಲಿ ಕಾಮನ್ (1841–1903) ಸಣ್ಣ ಮಸೂರಯಂತ್ರದಿಂದ ತೊಡಗಿ, 18 ಅಂಗುಲದ ಕನ್ನಡಿಗೂ ಅಲ್ಲಿಂದ 36 ಅಂಗುಲದ ಕನ್ನಡಿಗೂ ಏರಿದವನು. 1880 ರ ಜನವರಿಯಲ್ಲಿ ಅವನು ಇದೇ ನೀಹಾರಿಕೆಯನ್ನು ಹಿಡಿಯಲೆಳಸಿ ವಿಫಲನಾಗಿದ್ದನು. ಮೂರು ವರ್ಷಗಳ ಬಳಿಕ, 1883 ರ ಜನವರಿ 30 ರಂದು, 37 ನಿಮಿಷಗಳಲ್ಲಿ ತೆಗೆದ ಚಿತ್ರದಲ್ಲಿ, ಅದೇ ಯಂತ್ರದಲ್ಲಿ ಕಣ್ಣಿಗೆ ಕಾಣದಿದ್ದ ನಕ್ಷತ್ರಗಳೂ ಮೂಡಿದುವು. 1884 ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯು ಅವನಿಗೆ ಸುವರ್ಣಪದಕವನ್ನಿತ್ತಿತು. ಪ್ರಾಥಮ್ಯವು ಡ್ರೇಪರನದೇ ಆದರೂ, ಛಾಯಾಚಿತ್ರವು ಕಣ್ಣಿನ ಅನುಕರಣವಲ್ಲ, ಕಣ್ಣನ್ನು ಮೀರಿದ ಸಾಧನವೆಂಬುದು ಸ್ಥಿರಪಟ್ಟುದು ಕಾಮನನ ಚಿತ್ರದಿಂದಲೇ ಎನ್ನಬಹುದು. ಕಣ್ಣು ಎಷ್ಟು ಹೊತ್ತು ದಿಟ್ಟಿಸಿದರೂ ಬೆಳಕನ್ನು ಕೂಡಿಡಲಾರದು. ಪ್ಲೇಟಾದರೋ ಹನಿ ಹನಿ ಕೂಡಿ ಹಳ್ಳವೆಂಬಂತೆ ಅದನ್ನು ಸಂಗ್ರಹಿಸುತ್ತಲೇ ಇರುವುದು.

ಮೂರನೆಯವನು ವೇಲ್ಸಿನ ಐಸಾಕ್ ರಾಬರ್ಟ್ಸ್ (1829–1904). ಇವನು 20 ಅಂಗುಲದ ಕನ್ನಡಿಯ ಯಂತ್ರದೊಡನೆ 7 ಅಂಗುಲದ ಮಸೂರಯಂತ್ರವೊಂದನ್ನು ಜೋಡಿಸಿದ್ದನು. ಒಂದು ಚಿತ್ರವನ್ನು ಹಿಡಿಯುತ್ತಿರಲು, ಇನ್ನೊಂದರಲ್ಲಿ ಒಂದು ನಕ್ಷತ್ರವನ್ನು ಕಾದು ನೋಡುತ್ತ ನಡೆಯನ್ನು ತಿದ್ದುವುದು ಇದರ ಉಪಾಯ. ಲಿವರ್‌ಪೂಲಿನ ಹತ್ತಿರದ ಮಘಲ್ ಎಂಬ ಊರಿನಲ್ಲಿ 1888 ರ ಡಿಸೆಂಬರ್ 29 ರಂದು, ನಾಲ್ಕು ಗಂಟೆಗಳ ಕಾಲ, ದೇವಯಾನೀ ನೀಹಾರಿಕೆಯ ಚಿತ್ರವು ತೆಗೆಯಲ್ಪಟ್ಟಿತು. 1847 ರಲ್ಲಿ ಬಾಂಡನು ನೇರವಾದ ಕಪ್ಪು ಗೆರೆಗಳೆಂದು ಬರೆದುಕೊಂಡಿದ್ದವು ಸುರುಳಿಯ ತೋಳುಗಳ ನಡುವಣ ಎಡೆಗಳೆಂಬುದು ಇದರಿಂದ ಸ್ಪಷ್ಟವಾಯಿತು.

ಇಂತಿರಲು, ಛಾಯಾಚಿತ್ರವು ನಿರ್ದುಷ್ಟವಾದ ಪ್ರಮಾಣವೇ ಎಂಬ ಪ್ರಶ್ನೆಯು ಹುಟ್ಟುವುದು. ಕೈಯಿಂದ ಬರೆದ ಹಳೆಯ ಚಿತ್ರಗಳು ಒಂದರಂತೊಂದಿರಲಿಲ್ಲ. ಆದುದರಿಂದ ಬದಲಾದುದು ನೀಹಾರಿಕೆಯೋ ಬರೆದವನ ಕೈಯೋ ಎಂಬುದು ನಿರ್ಣಯವಾಗುತ್ತಿರಲಿಲ್ಲ. ಪ್ಲೇಟು ಈ ಸಂದೇಹವನ್ನು ಬಹುಮಟ್ಟಿಗೆ ಪರಿಹರಿಸಿತು. ಆದರೆ ಅದಕ್ಕೂ ಪಕ್ಷಪಾತವುಂಟು. ಅಂದಿನ ಪ್ಲೇಟು ನೀಲಿಯನ್ನು ಬೇಗನೆ ಹಿಡಿದು ಕೆಂಪನ್ನು ಬಿಡುತ್ತಿದ್ದಿತು. ಹೊರಗಿನ ರೆಕ್ಕೆಗಳು ಮೂಡುವಷ್ಟು ಹೊತ್ತು ತೆರೆದಿಟ್ಟರೆ ಮಹಾವ್ಯಾಧ ನೀಹಾರಿಕೆಯ ನಡುವಣ ನಾಲ್ಕು ನಕ್ಷತ್ರಗಳು ಬೆಳಕಿನಲ್ಲಿ ಮುಳುಗಿಹೋಗುತ್ತಿದ್ದುವು. ಇದಲ್ಲದೆ, ಪಾಠವು ಶುದ್ಧವಾಗಿದ್ದರೂ ಅರ್ಥವು ತಪ್ಪಬಹುದು. ರಾಬರ್ಟ್ಸನು ತನ್ನ ಚಿತ್ರದಲ್ಲಿ, ರೂಪುಗೊಳ್ಳುತ್ತಿರುವ ಒಂದು ಸೌರವ್ಯೂಹವನ್ನು ಕಂಡನು. ಅದು ನಮ್ಮ ಆಕಾಶಗಂಗೆಯ ಹೊರಗಿರುವ ಬೇರೊಂದು ನಕ್ಷತ್ರಲೋಕವೆಂದು 1923 ರಲ್ಲಿ ತೊಡಗಿದ ಹಬಲನ ಶೋಧನೆಗಳಿಂದ ಸಿದ್ಧಪಟ್ಟಿತು. ಪ್ರಾಚೀನ ಪ್ರತಿಯೊಂದನ್ನು ಓದುವವರಿಗೆ ಈ ಭೇದವು ಅಪರಿಚಿತವಲ್ಲ.

ಕಾಮನನ 36 ಅಂಗುಲದ ಯಂತ್ರವು 1885 ರಲ್ಲಿ ಕ್ರಾಸ್ಲಿ ಎಂಬವನ ಕೈಸೇರಿ, 1895 ರಲ್ಲಿ ಕ್ಯಾಲಿಫೋರ್ನಿಯದ ಲಿಕ್ ವೇಧಶಾಲೆಗೆ ದಾನವಾಗಿ ಹೋಯಿತು. 1898 ರಿಂದ ಕೀಲರನು ಅದರಿಂದಲೇ ಚಿತ್ರಗಳನ್ನು ತೆಗೆದು, ಆ ಯಂತ್ರದ ಎಟುಕಿಗೆ 1,20,000 ನೀಹಾರಿಕೆಗಳು ಸಿಕ್ಕಬಹುದೆಂದೂ ಅವುಗಳಲ್ಲಿ ಬಹುಭಾಗ ಸುರುಳಿಗಳೆಂದೂ ಊಹಿಸಿದನು. ಹಿತ್ತಿಲಿನ ಯಂತ್ರವು ಹೀಗೆ ವೇಧಶಾಲೆಗೆ ದಾರಿಯನ್ನು ತೋರಿತು.

ಇಂದು ಗಾಜಿನ ಪ್ಲೇಟಿನ ಸ್ಥಾನದಲ್ಲಿ ಸಿಲಿಕಾನ್ ಫಲಕವಿದೆ. ಹೊಸದಾಗಿ ಕಲಿಯುವವನು ಒಂದೇ ದೀರ್ಘ ಚಿತ್ರಕ್ಕೆ ಬದಲಾಗಿ ನೂರಾರು ಕಿರುಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದುಗೂಡಿಸುವನು. ನಕ್ಷತ್ರವನ್ನು ಕಾಯುವ ಕೆಲಸವನ್ನು ಮತ್ತೊಂದು ಕಿರು ಕ್ಯಾಮರಾ ನಡೆಯಿಸುವುದು. ಉಪಕರಣಗಳು ಬೇರೆಯಾದರೂ ವಿಧಿಯು ಬೇರೆಯಲ್ಲ. ಧ್ರುವಾಕ್ಷವನ್ನು ಸರಿಹೊಂದಿಸದವನಿಗೆ ನಕ್ಷತ್ರವು ಈಗಲೂ ಗೆರೆಯಾಗಿಯೇ ಮೂಡುವುದು. ಬೆಳಕನ್ನು ಕೂಡಿಡುವ ತಾಳ್ಮೆಯಿಲ್ಲದವನಿಗೆ ನೀಹಾರಿಕೆಯು ಈಗಲೂ ಕಾಣದು.