ಕಡೂರು ಜಿಲ್ಲೆಯ ಕಲ್ಲು ಮತ್ತು ಮೂವತ್ತು ಕೆಬಿ ಚಿತ್ರ

ಮೊನ್ನೆ ಹಳೇ ಗಣಕದ ಹಾರ್ಡ್ ಡಿಸ್ಕ್ ಕೆದಕುತ್ತಿದ್ದಾಗ ಒಂದು ಫೋಟೋ ಸಿಕ್ಕಿತು. ಅಜ್ಜಂಪುರದ ಕಡೆಯ ಒಂದು ಹಳ್ಳಿಯ ಕೆರೆ ಏರಿಯ ಮೇಲಿದ್ದ ವೀರಗಲ್ಲಿನದು. 2005ರಲ್ಲಿ ನಾನೇ ತೆಗೆದದ್ದು. ಅಜ್ಜಂಪುರ ಆಗಿನ್ನೂ ತರೀಕೆರೆ ತಾಲ್ಲೂಕಿನಲ್ಲೇ ಇತ್ತು, ಈಗ ಅದೇ ಒಂದು ತಾಲ್ಲೂಕು. ಮೂರು ಹಂತದ ಕಲ್ಲು. ಕೆಳಗೆ ಕಾಳಗ, ಮಧ್ಯೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಗಳಲ್ಲಿ ನಾಲ್ಕು ಸಾಲು ಬರಹ. ಆಸೆಯಿಂದ ಹಿಗ್ಗಿಸಿ ನೋಡಿದೆ. ಅಕ್ಷರ ಇರಬೇಕಾದ ಕಡೆ ಬರೀ ಚೌಕ ಚೌಕ ಬೂದು ಕಲೆಗಳು!

ಆ ಕಲ್ಲು ಈಗ ಅಲ್ಲಿಲ್ಲ. ಏರಿ ಅಗಲ ಮಾಡುವಾಗ ಎತ್ತಿ ಎಲ್ಲಿಗೆ ಹಾಕಿದರೋ ಊರಿನವರಿಗೂ ನೆನಪಿಲ್ಲ. ಉಳಿದಿರುವುದು ಈ ಮೂವತ್ತು ಕೆಬಿ ಚಿತ್ರ ಒಂದೇ. ಅದನ್ನು ಈ ಗತಿಗೆ ತಂದವನು ನಾನೇ. ಅದಕ್ಕೇ ಈ ಬರಹ.

ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಯಿಸುವ ಕೆಲಸ ಗಣಕದಿಂದ ಶುರುವಾದದ್ದಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಬ್ರಿಟಿಷರ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಹೆಸರು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಆರನೇ ಸಂಪುಟ ಈ ಜಿಲ್ಲೆಯ ಶಾಸನಗಳದ್ದು, ಅಚ್ಚಾದದ್ದು 1901ರಲ್ಲಿ. ಶಾಸನದ ಪಡಿಯಚ್ಚು ತೆಗೆಯುವ ಕ್ರಮ ನೋಡಿದ್ದೀರಾ? ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಬ್ರಷ್ಷಿನಿಂದ ಕುಟ್ಟುತ್ತಾರೆ. ಕಾಗದ ಅಕ್ಷರದ ಗುಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಪ್ಪಿನ ಮೇಲೆ ಬಿಳಿ ಅಕ್ಷರ. ಅಲ್ಲಿಂದ ಅಚ್ಚಿನ ಕನ್ನಡಕ್ಕೆ, ರೋಮನ್ ಲಿಪಿಗೆ, ಇಂಗ್ಲಿಷ್ ಅನುವಾದಕ್ಕೆ. ಎಣಿಸಿ ನೋಡಿ, ಎಷ್ಟು ಸಲ ರೂಪ ಬದಲು! ಆದರೆ ಪುಸ್ತಕದಲ್ಲಿ ಅನುಮಾನ ಬಂದರೆ ಪಡಿಯಚ್ಚು ನೋಡಬಹುದಿತ್ತು, ಅದೂ ಸಾಲದಿದ್ದರೆ ಕಲ್ಲಿನ ಹತ್ತಿರವೇ ಹೋಗಬಹುದಿತ್ತು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಈಗಲೂ ಹೋಗಬಹುದು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ದೊಡ್ಡ ಶಾಸನದ ಪದ್ಯಗಳು ಕವಿ ಜನ್ನನವು. ಕಲ್ಲು ನಿಂತೇ ಇದೆ.

ಆರನೇ ಸಂಪುಟ ನನಗೆ ಮೊದಲು ಕಂಡದ್ದು ಗಣಕದ ಪರದೆಯ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಲ್ಲಿ ಪುಸ್ತಕದ ಒಂದೊಂದು ಪುಟವೂ ಒಂದೊಂದು ಟಿಫ್ ಕಡತ. ಬ್ರೌಸರಿನಲ್ಲಿ ಟಿಫ್ ನೇರವಾಗಿ ತೆರೆಯುತ್ತಿರಲಿಲ್ಲ, ಬೇರೆ ಪ್ಲಗಿನ್ ಹಾಕಬೇಕಿತ್ತು. ಆಗ ಬೈದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅವರು ಇಟ್ಟುಕೊಂಡದ್ದು ಸರಿಯಾದದ್ದನ್ನೇ. ಆ ತಾಣ ಮುಚ್ಚಿಹೋದರೂ ಪುಟಗಳು ಇಂಟರ್ನೆಟ್ ಆರ್ಕೈವ್ ಸೇರಿ ಉಳಿದುಕೊಂಡವು.

ಜಾಲದಲ್ಲಿ ನಾವೆಲ್ಲ ಮೊದಲು ಬಳಸಿದ್ದು ಗಿಫ್. 1987ರಲ್ಲಿ ಕಂಪ್ಯೂಸರ್ವ್ ತಂದದ್ದು, ಒಂದು ಚಿತ್ರಕ್ಕೆ 256 ಬಣ್ಣ ಮಾತ್ರ. ಯೂನಿಕೋಡ್ ಬರುವ ಮುಂಚೆ ಎಷ್ಟೋ ಕನ್ನಡ ಶೀರ್ಷಿಕೆಗಳು ಗಿಫ್ ಚಿತ್ರಗಳೇ ಆಗಿದ್ದವು. ಅದರೊಳಗಿನ ಸಂಕೋಚನ ವಿಧಾನದ ಪೇಟೆಂಟು ಯೂನಿಸಿಸ್ ಕೈಯಲ್ಲಿತ್ತು. ಆ ಜಗಳದಿಂದ ಹುಟ್ಟಿದ್ದು 1996ರ ಪಿಎನ್‌ಜಿ. ಇದರಲ್ಲಿ ಒಂದು ಚುಕ್ಕೆಯೂ ಕಳೆಯುವುದಿಲ್ಲ, ಆದರೆ ಫೋಟೋ ಹಾಕಿದರೆ ಕಡತ ಊದಿಕೊಳ್ಳುತ್ತದೆ.

ಫೋಟೋಗೆ ಜೆಪೆಗ್. 1992ರ ಈ ಮಾನಕದ ಹೊಟ್ಟೆಯೊಳಗೆ ನಮ್ಮ ಬೆಂಗಳೂರಿನವರು ಕೂತಿದ್ದಾರೆ ಎಂದು ತುಂಬಾ ಜನಕ್ಕೆ ಗೊತ್ತಿಲ್ಲ. ನಾಸಿರ್ ಅಹ್ಮದ್, ಹುಟ್ಟಿದ್ದು 1940ರಲ್ಲಿ, ಓದಿದ್ದು ಈಗ ಯುವಿಸಿಇ ಎನ್ನುವ ಕಾಲೇಜಿನಲ್ಲಿ. ಅಮೆರಿಕಕ್ಕೆ ಹೋಗಿ 1972ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಬಗ್ಗೆ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣ ಕೇಳಿದರು. ಕೊಡಲಿಲ್ಲ. ಆದರೂ ಬಿಡದೆ ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಇವತ್ತು ನಿಮ್ಮ ಮೊಬೈಲಿಗೆ ಬರುವ 'ಶುಭೋದಯ'ದ ಗುಲಾಬಿ ಹೂವುಗಳ ಹಿಂದೆಲ್ಲ ಆ ಗಣಿತ ಇದೆ.

ಅದು ಮಾಡುವುದಿಷ್ಟು. ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದರ 64 ಚುಕ್ಕೆಗಳನ್ನು ನಿಧಾನವಾಗಿ ಬದಲಾಗುವ ಅಂಶದಿಂದ ಹಿಡಿದು ಥಟ್ಟನೆ ಬದಲಾಗುವ ಅಂಶದವರೆಗೆ 64 ಸಂಖ್ಯೆಗಳನ್ನಾಗಿ ಬರೆಯುತ್ತದೆ. ಥಟ್ಟನೆ ಬದಲಾಗುವವು ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ ಎಂದು ಅವುಗಳಲ್ಲಿ ಹೆಚ್ಚಿನವನ್ನು ಸೊನ್ನೆ ಮಾಡಿಬಿಡುತ್ತದೆ. ಮುಖ, ಆಕಾಶ, ಗದ್ದೆ ಇವಕ್ಕೆಲ್ಲ ಅದು ಸರಿಯೇ. ಆದರೆ ಉಳಿಯ ಗೀರು ಅಂದರೆ ಥಟ್ಟನೆ ಬದಲಾಗುವ ಗೆರೆ ತಾನೆ? ಪ ಮತ್ತು ಷ ನಡುವಿನ ವ್ಯತ್ಯಾಸ ಒಂದು ಗೀರು. ಅದು ಹೋದರೆ ಹೆಸರೇ ಬೇರೆ.

ನನ್ನ ಕ್ಯಾಮೆರಾ ಮೂರು ಮೆಗಾಪಿಕ್ಸೆಲ್‌ನದು, 2048 ಅಡ್ಡ, 1536 ಉದ್ದ. ಒಂದೊಂದು ಚಿತ್ರ ಒಂದೂವರೆ ಎಂಬಿ. ಡಯಲಪ್ಪಿನಲ್ಲಿ ಅದು ಇಳಿಯಲು ಕಡಿಮೆ ಅಂದರೂ ನಾಲ್ಕು ನಿಮಿಷ, ಅಷ್ಟು ಹೊತ್ತು ನಮ್ಮ ಬ್ಲಾಗಿಗೆ ಕಾಯುವವರು ಯಾರು ಸ್ವಾಮಿ? ತರೀಕೆರೆಯ ಒಂದು ಸೈಬರ್ ಕೆಫೆಯಲ್ಲಿ ಕೂತು ಇರ್ಫಾನ್‌ವ್ಯೂನಲ್ಲಿ ಎಲ್ಲ ಫೋಟೋಗಳನ್ನೂ ಒಟ್ಟಿಗೆ 480 ಅಡ್ಡ, 360 ಉದ್ದಕ್ಕೆ ಇಳಿಸಿದೆ. ಹದಿನೆಂಟು ಚುಕ್ಕೆ ಇದ್ದ ಕಡೆ ಒಂದು! ಗುಣಮಟ್ಟ ಎನ್ನುವ ಕಡೆ 40 ಅಂತ ಒತ್ತಿದೆ. ಅಲ್ಲಿಗೆ ನಿಂತಿದ್ದರೆ ಚಿಂತೆ ಇರಲಿಲ್ಲ. ಹಳೆಯ ಕಡತದ ಮೇಲೇ ಬರೆಯಲೇ ಎನ್ನುವ ಚೌಕಕ್ಕೂ ಗುರುತು ಹಾಕಿದ್ದೆ. ಗಂಟೆಗೆ ಇಪ್ಪತ್ತು ರೂಪಾಯಿ, ಕಡೂರಿಗೆ ಕೊನೆ ಬಸ್ಸು ಬೇರೆ ಹೊರಡುವ ಹೊತ್ತು. ಮನೆಗೆ ಬಂದು ಕಾರ್ಡ್ ಖಾಲಿ ಮಾಡಿದೆ.

ಆರನೇ ಸಂಪುಟದಲ್ಲಿ ಆ ಊರಿನ ಹೆಸರು ಹಿಡಿದು ಹುಡುಕಿದೆ. ಈ ಕಲ್ಲು ನನಗೆ ಸಿಗಲಿಲ್ಲ. ಗೆಳೆಯರೊಬ್ಬರು ಹೊಸ ತಂತ್ರಾಂಶಕ್ಕೆ ಕೊಟ್ಟರೆ ಚಿತ್ರ ಸ್ಪಷ್ಟ ಮಾಡಿಕೊಡುತ್ತದೆ ಎಂದರು. ಕೊಟ್ಟೆ. ಚೂಪಾದ ಗೆರೆಗಳು ಬಂದವು ನಿಜ, ಆದರೆ ಅದು ತಾನೇ ಊಹಿಸಿ ಬರೆದ ಗೆರೆಗಳು, ಯಾವ ಲಿಪಿಯೂ ಅಲ್ಲ.

ಮೂಲ ಚಿತ್ರವನ್ನೇ ಮತ್ತೆ ತೆರೆದೆ. ಮೊದಲ ಸಾಲಿನ ಶುರುವಿನಲ್ಲಿ 'ಸ್ವಸ್ತಿ' ಅನ್ನಬಹುದು, ಅದು ಇರಲೇಬೇಕು ಅಂತ ಗೊತ್ತಿರುವುದರಿಂದ ಹಾಗೆ ಕಾಣುತ್ತಿದೆಯೋ ಏನೋ. ಮೂರನೇ ಸಾಲಿನ ನಡುವೆ, ವೀರನ ಹೆಸರು ಬರಬೇಕಾದ ಜಾಗದಲ್ಲಿ, ಒಂದು ಳ ಇದೆ. ಅದರ ಹಿಂದೆ ಎರಡು ಚೌಕ, ಮುಂದೆ ಮೂರು.