ಪಕ್ಕದ ಮನೆಯ ಚಿಲಕ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಮನೆಮಾತು ಬಂಗಾಳಿ, ಶಾಲೆಯ ಮಾತು ಕನ್ನಡ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಬೇರುಬಿಟ್ಟ ಊರುಗಳಿವು. ಇಲ್ಲಾಗಲಿ, ಮಸ್ಕಿ, ಲಿಂಗಸುಗೂರಿನ ಓಣಿಗಳಲ್ಲಾಗಲಿ, ರಾತ್ರಿ ಒಂದು ಮನೆಯಲ್ಲಿ ತಟ್ಟೆ ಗೋಡೆಗೆ ಬಡಿದು ಉರುಳಿದ ಸದ್ದು, ಅದರ ಬೆನ್ನಿಗೇ ಹೆಣ್ಣುಮಗಳ ಚೀರು ಎದ್ದರೆ ನಾಲ್ಕು ಮನೆಗೆ ಕೇಳುತ್ತದೆ. ಕೇಳಿದವರಲ್ಲಿ ಹೆಚ್ಚಿನವರು ‘ಅವರ ಮನಿ ಮಾತು, ನಮಗ್ಯಾಕ’ ಎಂದು ಚಿಲಕ ಹಾಕಿಕೊಳ್ಳುತ್ತಾರೆ. ಗೋಡೆಬರಹ, ಬೀದಿನಾಟಕ, ರೇಡಿಯೊ, ಟಿ.ವಿ. ಎಂದು ನಾಲ್ಕು ದಶಕಗಳಿಂದ ನಡೆದಿರುವ ಪ್ರಚಾರವೆಲ್ಲ ಬಂದು ನಿಲ್ಲುವುದು ಈ ಚಿಲಕದ ಮುಂದೆಯೇ. ಅದನ್ನು ತೆಗೆಸಲು ಮಾತಿಗೆ ಸಾಧ್ಯವಾಗಿದೆಯೇ?

ಕರ್ನಾಟಕದಲ್ಲಿ ಈ ಮಾತು ಮೊದಲು ಎದ್ದದ್ದು ಬೀದಿಯಲ್ಲಿ. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ, ‘ಸ್ಟೌ ಸಿಡಿದು ಸಾವು’ ಎಂದು ದಾಖಲಾಗುತ್ತಿದ್ದ ಸೊಸೆಯಂದಿರ ಸಾವುಗಳನ್ನು ಹಿಡಿದು ಪ್ರಶ್ನೆ ಕೇಳಿತು. ಅಷ್ಟೊಂದು ಸ್ಟೌಗಳು ಹೊಸ ಸೊಸೆಯ ಮೇಲೆಯೇ ಏಕೆ ಸಿಡಿಯಬೇಕು? ಆ ಕಾಲದ ಸಂದೇಶ ಗಂಡನಿಗೆ ಹೇಳಿದ್ದಲ್ಲ, ಪೊಲೀಸರಿಗೆ, ಆಸ್ಪತ್ರೆಗೆ, ಸರ್ಕಾರಕ್ಕೆ ಹೇಳಿದ್ದು. ದೇಶದ ಉದ್ದಗಲಕ್ಕೆ ಎದ್ದ ಇಂಥ ಕೂಗಿನ ಫಲವಾಗಿಯೇ 1983ರಲ್ಲಿ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ 498ಎ ಕಲಂ ದಂಡಸಂಹಿತೆಗೆ ಬಂತು. 1989ರಲ್ಲಿ ಶುರುವಾದ ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು. ಊರೂರಲ್ಲಿ ಸಂಘ ಕಟ್ಟಿ, ಹೆಂಗಸರು ಸುತ್ತ ಕೂತು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವ ಹಾಗೆ ಮಾಡಿತು. ಅಲ್ಲಿ ಹೊರಗಿನಿಂದ ಯಾರೋ ತಂದು ಅಂಟಿಸಿದ ಘೋಷಣೆ ಇರಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಆಳಕ್ಕೆ ಇಳಿದ ಕೆಲಸ ಅದು. ಅಳೆದು ತೋರಿಸುವುದು ಕಷ್ಟವಾದ್ದರಿಂದ ಅದಕ್ಕೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಅದರ 11ನೇ ಕಲಮನ್ನು ಓದಿದವರು ಕಡಿಮೆ. ಟಿ.ವಿ., ರೇಡಿಯೊ, ಪತ್ರಿಕೆಗಳ ಮೂಲಕ ಈ ಕಾಯ್ದೆಗೆ ಆಗಾಗ ವ್ಯಾಪಕ ಪ್ರಚಾರ ಕೊಡುವುದು ಸರ್ಕಾರಗಳ ಕರ್ತವ್ಯ ಎನ್ನುತ್ತದೆ ಅದು. ಹಾಗಾಗಿ ಪ್ರಚಾರ ಮಾಡುವುದು ಯಾವ ಇಲಾಖೆಯ ಕೃಪೆಯೂ ಅಲ್ಲ.

ಎಲ್ಲರ ನೆನಪಿನಲ್ಲಿ ಉಳಿದದ್ದು ಮಾತ್ರ 2008ರಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ಆರಂಭಿಸಿದ ‘ಬೆಲ್ ಬಜಾವೋ’ (ಬೆಲ್ ಬಾರಿಸಿ) ಅಭಿಯಾನ. ಅದು ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಜೊತೆಗೆ ಕರ್ನಾಟಕದಲ್ಲೂ ವಿಡಿಯೊ ವ್ಯಾನುಗಳಲ್ಲಿ ಸುತ್ತಿತು. ಅದರ ಒಂದು ಜಾಹೀರಾತಿನಲ್ಲಿ ಹುಡುಗರು ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುತ್ತಾರೆ. ಒಂದು ಮನೆಯೊಳಗಿಂದ ಹೊಡೆತದ ಸದ್ದು ಕೇಳುತ್ತದೆ. ಹುಡುಗನೊಬ್ಬ ಹೋಗಿ ಬೆಲ್ ಒತ್ತುತ್ತಾನೆ. ಬಾಗಿಲು ತೆರೆದ ಗಂಡಸನ್ನು ಕೇಳುವುದು ಇಷ್ಟೇ: ನಮ್ಮ ಚೆಂಡು ಒಳಗೆ ಬಂದಿದೆಯಾ? ಉಪದೇಶವಿಲ್ಲ, ಜಗಳವಿಲ್ಲ. ‘ನಮಗೆ ಕೇಳಿಸಿದೆ’ ಎಂಬುದು ಮಾತ್ರ ಆ ಮನುಷ್ಯನಿಗೆ ಗೊತ್ತಾಗುತ್ತದೆ. ಅದರ ಜಾಣತನ ಇದ್ದದ್ದು ನೆರೆಯವರಿಗೆ ಒಂದು ನೆಪ ಕೊಟ್ಟದ್ದರಲ್ಲಿ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಕರೆಗಂಟೆ ಇಲ್ಲ, ಆದರೆ ನೆಪಕ್ಕೆ ಬರವಿಲ್ಲ. ‘ಅಕ್ಕಾ, ಒಂಚೂರು ಹೆಪ್ಪು ಇದ್ರ ಕೊಡ್ರಿ’ ಎಂದು ಬಾಗಿಲಲ್ಲಿ ನಿಂತರೂ ಅದೇ ಕೆಲಸ ಆಗುತ್ತದೆ.

ಇಷ್ಟಾಗಿಯೂ ಅಂಕಿಗಳು ಎದೆ ನಡುಗಿಸುತ್ತವೆ. ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ ಕರ್ನಾಟಕದ ವಿವಾಹಿತೆಯರ ಪ್ರಮಾಣ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 20.6 ಇತ್ತು. 2019–21ರ ಸಮೀಕ್ಷೆಯಲ್ಲಿ ಅದು ಶೇ. 44.4ಕ್ಕೆ ಏರಿ ರಾಜ್ಯಗಳಲ್ಲೇ ಮೊದಲ ಸ್ಥಾನಕ್ಕೆ ಬಂತು. ಒಂದಲ್ಲ ಒಂದು ಕಾರಣಕ್ಕೆ ಹೆಂಡತಿಯನ್ನು ಹೊಡೆಯುವುದು ಸರಿ ಎಂದವರು ಹೆಂಗಸರಲ್ಲಿ ಶೇ. 76.9, ಗಂಡಸರಲ್ಲಿ ಶೇ. 81.9. ಹಾಗಾದರೆ ಪ್ರಚಾರ ಸೋತಿತೇ? ಇಲ್ಲೊಂದು ಸಿಕ್ಕು ಇದೆ. ಸಮೀಕ್ಷೆ ಎಣಿಸುವುದು ಹೊಡೆತವನ್ನಲ್ಲ, ಬಾಯಿಬಿಟ್ಟು ಹೇಳಿದ ಹೊಡೆತವನ್ನು. ಹೆಂಗಸರ ಬಾಯಿ ಬಿಡಿಸಿದ ಸಂದೇಶ ಮೊದಲು ಲೆಕ್ಕವನ್ನು ಏರಿಸಿಯೇ ತೀರುತ್ತದೆ. ಆದರೂ ಇಮ್ಮಡಿಗಿಂತ ಹೆಚ್ಚಿನ ಈ ಏರಿಕೆಯನ್ನೆಲ್ಲ ಬಾಯಿಬಿಟ್ಟದ್ದರ ಲೆಕ್ಕಕ್ಕೇ ಹಾಕಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೊಡೆತ ಸರಿ ಎನ್ನುವವರೇ ಇಷ್ಟಿರುವ ನಾಡು ನಮ್ಮದು.

ಸಂದೇಶದ ಬಲವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಿ ನೋಡಿದ ಕೆಲಸ ಹೆಚ್ಚಾಗಿ ಹೊರದೇಶಗಳದು. ದಕ್ಷಿಣ ಆಫ್ರಿಕದ ‘ಸೋಲ್ ಸಿಟಿ’ ಧಾರಾವಾಹಿ 1999ರಲ್ಲಿ ಈ ವಿಷಯ ಎತ್ತಿಕೊಂಡಾಗ, ಹೊಡೆತದ ಸದ್ದು ಕೇಳಿದ ನೆರೆಯವರು ಹೊರಗೆ ಬಂದು ಪಾತ್ರೆ ಬಡಿಯುವ ದೃಶ್ಯ ತೋರಿಸಿತು. ಜೊತೆಗೆ ಸಹಾಯವಾಣಿಯನ್ನೂ ಕೊಟ್ಟಿತು. ಮೆಕ್ಸಿಕೊದ ಒಹಾಕಾ ರಾಜ್ಯದಲ್ಲಿ ನಡೆದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದ್ದು. ಒಂದೇ ರೇಡಿಯೊ ನಾಟಕವನ್ನು ಕೆಲವರಿಗೆ ಮನೆಯಲ್ಲಿ ಒಬ್ಬೊಬ್ಬರೇ ಕೇಳಲು ಕೊಟ್ಟರು, ಉಳಿದವರಿಗೆ ಊರ ಧ್ವನಿವರ್ಧಕದಲ್ಲೋ ಸಭೆಯಲ್ಲೋ ಕೇಳಿಸಿದರು. ಒಬ್ಬೊಬ್ಬರೇ ಕೇಳಿದವರಲ್ಲಿ ಬದಲಾವಣೆ ಕಾಣಲಿಲ್ಲ, ಒಟ್ಟಿಗೆ ಕೇಳಿದವರಲ್ಲಿ ಕಂಡಿತು. ಎಲ್ಲರೂ ಕೇಳಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಿದ್ದಾಗ ಮಾತಿಗೆ ತೂಕ ಬರುತ್ತದೆ. ನಮ್ಮ ಹಿರಿಯರು ಡಂಗುರ ಸಾರಿಸುತ್ತಿದ್ದುದೂ ಇದೇ ತಿಳಿವಳಿಕೆಯಿಂದ.

ಉಗಾಂಡದ 112 ಹಳ್ಳಿಗಳಲ್ಲಿ ಸಿನಿಮಾ ಪ್ರದರ್ಶನದ ನಡುವೆ ಪುಟ್ಟ ನಾಟಕಗಳನ್ನು ತೋರಿಸಿ, ತಿಂಗಳುಗಳ ಬಳಿಕ ಮನೆಮನೆಗೆ ಹೋಗಿ ವಿಚಾರಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೊಡೆಯುವುದು ಸರಿಯೋ ತಪ್ಪೋ ಎಂಬ ಅಭಿಪ್ರಾಯ ಹೆಚ್ಚೇನೂ ಬದಲಾಗಿರಲಿಲ್ಲ. ಆದರೆ ಹಿಂಸೆ ಕಡಿಮೆಯಾಗಿತ್ತು. ಕಂಡದ್ದನ್ನು ಹೇಳಿದರೆ ಚಾಡಿಕೋರರು ಎನಿಸಿಕೊಳ್ಳುತ್ತೇವೆಂಬ ಅಂಜಿಕೆ ಹೆಂಗಸರಲ್ಲಿ ತಗ್ಗಿತ್ತು. ಗಂಡಸಿನ ಮನಸ್ಸು ತಿದ್ದುವುದೇ ಪ್ರಚಾರದ ಗುರಿ ಎಂದು ನಾವು ನಂಬಿ ಕೂತಿದ್ದೆವಲ್ಲ, ಅದಕ್ಕಿಂತ ಮೊದಲು ನೆರೆಯವರ ನಾಲಿಗೆಯನ್ನು ಸಡಿಲಿಸಬೇಕು ಎನ್ನುತ್ತದೆ ಈ ಫಲಿತಾಂಶ.

ನಮ್ಮ ಬಾಗಲಕೋಟೆಯ 47 ಹಳ್ಳಿಗಳಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಮತ್ತು ಅವರ ಸಂಗಾತಿಗಳ ನಡುವೆ ನಡೆದ ‘ಸಂವೇದನಾ ಪ್ಲಸ್’ ಕಾರ್ಯಕ್ರಮ ಎಚ್ಚರಿಕೆಯ ಪಾಠ ಹೇಳುತ್ತದೆ. ಹಿಂಸೆಯನ್ನು ಒಪ್ಪಿಕೊಳ್ಳುವ ಮನೋಭಾವ ತಗ್ಗಿತು, ಹೇಳಿಕೊಳ್ಳುವುದು ಹೆಚ್ಚಿತು. ಹಿಂಸೆ ಮಾತ್ರ ಇಳಿದದ್ದು ಕಾಣಲಿಲ್ಲ. ಹೇಳಿಕೊಂಡ ಮೇಲೆ ಮುಂದೇನು ಎಂಬಲ್ಲಿಗೆ ಮಾತಿನ ಶಕ್ತಿ ಮುಗಿಯುತ್ತದೆ.

ರಾಯಚೂರು ಸೀಮೆಯ ಹೆಣ್ಣುಮಕ್ಕಳು ಈ ‘ಮುಂದೇನು’ ಎಂಬುದನ್ನು ತಾವೇ ಹೊತ್ತುಕೊಂಡು ಹೊರಟದ್ದೂ ಉಂಟು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ರಾಯಚೂರು ಜಿಲ್ಲೆಯವರೂ ಅವರಲ್ಲಿದ್ದರು. ಬೇಡಿಕೆ ಮದ್ಯ ನಿಷೇಧದ್ದು, ಒಳಗಿನ ಸಂಕಟ ಕುಡಿದು ಬಂದು ಬೀಳುವ ಏಟಿನದು. ಮನೆಯೊಳಗೆ ನುಂಗಿಕೊಂಡದ್ದನ್ನು ಹೆದ್ದಾರಿಯಲ್ಲಿ ಹೇಳುತ್ತ ನಡೆದ ಅವರ ಮೆರವಣಿಗೆಗಿಂತ ದೊಡ್ಡ ಸಾರ್ವಜನಿಕ ಸಂದೇಶವನ್ನು ಈ ನಾಡು ಕಂಡಿಲ್ಲ ಎಂದೇ ನನ್ನ ಭಾವನೆ.

ಆರ್.ಎಚ್. ಕ್ಯಾಂಪಿಗೆ ಮರಳೋಣ. 181 ಎಂಬ ಸಹಾಯವಾಣಿಯ ಅಂಕಿಗೆ ಭಾಷೆ ಬೇಕಿಲ್ಲ, ಆದರೆ ಅದರ ಸುತ್ತಲಿನ ಮಾತಿಗೆ ಬೇಕು. ಏಟು ತಿಂದವಳು ಅಳುವುದು ಮನೆಮಾತಿನಲ್ಲಿ. 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ಅಂಗನವಾಡಿಗಳನ್ನೂ ನೋಡಿಕೊಳ್ಳುವ ಸಿ.ಡಿ.ಪಿ.ಒ. ಅವರ ಕಚೇರಿ ತಾಲ್ಲೂಕು ಕೇಂದ್ರದಲ್ಲಿ. ನೊಂದ ಹೆಂಗಸರ ನೆರವಿಗೆಂದು ಜಿಲ್ಲೆಗೊಂದರಂತೆ ಇರುವ ‘ಸಖಿ’ ಕೇಂದ್ರಕ್ಕಾದರೆ ರಾಯಚೂರಿಗೇ ಹೋಗಬೇಕು, ಸಿಂಧನೂರಿನಿಂದ 80 ಕಿ.ಮೀ.ಗೂ ಹೆಚ್ಚು. ನಾಟಿಯ ದಿನಗಳಲ್ಲಿ ಹೋದರೆ ಕೂಲಿ ಹೋಯಿತು, ಮಗುವನ್ನು ಯಾರ ಬಳಿ ಬಿಡಬೇಕೋ ತಿಳಿಯದು. ಹಾಗಾಗಿ ಮೊದಲು ಬಾಗಿಲಿಗೆ ಬರಬೇಕಾದವರು ನೆರೆಯವರೇ. ಅವರಿಗಾಗಿಯೇ ಕಾಯ್ದೆಯ 4ನೇ ಕಲಮಿನಲ್ಲಿ ಒಂದು ಮಾತಿದೆ: ದೌರ್ಜನ್ಯ ನಡೆಯುತ್ತಿದೆ ಎಂದು ಯಾರು ಬೇಕಾದರೂ ತಿಳಿಸಬಹುದು, ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕಾನೂನು ಹೊಣೆಯೂ ಬರುವುದಿಲ್ಲ. ಕ್ಯಾಂಪಿನಲ್ಲಿ ಗಂಡಸರೂ ಹೆಂಗಸರೂ ಮನೆಯಲ್ಲಿರುವ ಸಂಜೆ ಹೊತ್ತಿಗೆ, ಆಟೊಗೆ ಕಟ್ಟಿದ ಮೈಕಿನಲ್ಲಿ, ಮೊದಲು ಬಂಗಾಳಿಯಲ್ಲಿ ಆಮೇಲೆ ಕನ್ನಡದಲ್ಲಿ ಸಾರಬೇಕಾದದ್ದು ಆ ಒಂದು ಮಾತನ್ನು.