ಕಿಂಗ್ ಪಿನ್ ನವೀಕರಣ (ಫೋರ್ಡ್ ಎಫ್-100 ಪಿಕಪ್)

ಅಮೆರಿಕದ ಫೋರ್ಡ್ ಕಂಪನಿ 1953ರಲ್ಲಿ ಹೊರತಂದ ಎಫ್-100 ಪಿಕಪ್‌ಗೆ ಮುಂದೆ ಒಂದೇ ತುಂಡಿನ ಉಕ್ಕಿನ ಐ-ಬೀಮ್ ಆಕ್ಸಲ್ ಇತ್ತು. 1965ರಲ್ಲಿ ಅದರ ಜಾಗಕ್ಕೆ ಜೋಡಿ ಐ-ಬೀಮ್ ಬಂತು. ಆಕ್ಸಲ್‌ನ ತುದಿಗಳಲ್ಲಿ ಲಾಕ್ ಪಿನ್ನಿನಿಂದ ಬಿಗಿದ ಕಿಂಗ್ ಪಿನ್ನಿನ ಸುತ್ತ, ಚಕ್ರ ಹೊತ್ತ ಸ್ಟಬ್ ಆಕ್ಸಲ್ ತಿರುಗುತ್ತದೆ. ಗಾಡಿಯ ಭಾರ ಹೊರುವುದು ಥ್ರಸ್ಟ್ ಬೇರಿಂಗ್.

ಗ್ರೀಸ್ ಕಾಣದಿದ್ದರೆ ಪಿನ್ನಿನ ಸುತ್ತಲಿನ ಬುಷ್‌ಗಳು ಸವೆದು ಸ್ಟೀರಿಂಗ್ ಅಲೆದಾಡುತ್ತದೆ. ಜ್ಯಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಆಟ (ಸಡಿಲಿಕೆ) ತಿಳಿಯುತ್ತದೆ. ಬ್ರೇಕ್ ಒತ್ತಿದಾಗಲೂ ಅದು ಉಳಿದರೆ ದೋಷ ಚಕ್ರದ ಬೇರಿಂಗ್‌ನದಲ್ಲ, ಕಿಂಗ್ ಪಿನ್ನಿನದು. ಇದನ್ನು ನೋಡದೆ ಸ್ಟೀರಿಂಗ್ ಬಾಕ್ಸ್ ಬಿಗಿಮಾಡುವುದು ತಪ್ಪು.

ತುಕ್ಕು ಹಿಡಿದ ಹಳೆಯ ಪಿನ್ನನ್ನು ಹೊರತೆಗೆಯಲು ಬಿಸಿಯೂ ಪ್ರೆಸ್ಸೂ ಬೇಕಾಗುತ್ತವೆ. ನಿಜವಾದ ಕುಶಲತೆ ಬೇಕಾದದ್ದು ಹೊಸ ಕಂಚಿನ ಬುಷ್ ಕೂರಿಸುವಲ್ಲಿ: ಬುಷ್‌ನ ತೂತು ಗ್ರೀಸ್ ನಿಪ್ಪಲ್‌ನ ದಾರಿಗೆ ಸರಿಹೊಂದಬೇಕು. ಮೇಲಿನ, ಕೆಳಗಿನ ಬುಷ್‌ಗಳು ಒಂದೇ ನೇರಕ್ಕೆ ಬರುವಂತೆ ಉದ್ದನೆಯ ರೀಮರ್‌ನಿಂದ ಕೊರೆಯಬೇಕು. ಪಿನ್ ಕೈಯೊತ್ತಡಕ್ಕೆ ಮಾತ್ರ ಜಾರಬೇಕು. ಸುತ್ತಿಗೆ ಬೇಕಾದರೆ ಬಿಗಿ ಹೆಚ್ಚು, ತಾನಾಗಿ ಬಿದ್ದರೆ ಸಡಿಲ. ಮೇಲು-ಕೆಳಗಿನ ಸಂದನ್ನು ಶಿಮ್ ತುಂಬುತ್ತದೆ.

ಟೈ ರಾಡ್ ತುದಿಗಳನ್ನೂ ಡ್ರ್ಯಾಗ್ ಲಿಂಕನ್ನೂ ಜೊತೆಗೇ ಪರೀಕ್ಷಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ, ಕೊನೆಗೆ ಮುಂಚಕ್ರಗಳ ಟೋ-ಇನ್ (ಮುಂಭಾಗದ ಒಳವಾಲಿಕೆ) ಹೊಂದಿಸಲಾಗುತ್ತದೆ.